ಬದುವಿನ ಮೇಲಿನ ಕೇರೆಹಾವು

(ಬ್ಯಾಡಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ಸೀಮೆಯಲ್ಲಿ ದತ್ತಿ ಉಪನ್ಯಾಸಕ್ಕೆ ವಿಷಯ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕಾಗಿನೆಲೆ ಇದೇ ತಾಲ್ಲೂಕಿನಲ್ಲಿದೆ, ಕನಕದಾಸರಿದ್ದಾರೆ. ಅಬಲೂರು, ಮಾಸೂರು ದೂರವಿಲ್ಲ, ಸರ್ವಜ್ಞನಿದ್ದಾನೆ. ಅಂಥದ್ದರಲ್ಲಿ ಹಾವಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಪ್ಪಿಕೊಂಡರು. ನಾಗರಹಾವೇ ಇರಬೇಕು ಅಂತ ಅವರು ತಿಳಿದಿದ್ದರು. ಕೇರೆಹಾವು ಎಂದೆ. ಮುಖ ಸಪ್ಪಗಾಯಿತು. "ಕೇರಿ ಹಾವಿನ ಬಗ್ಗೆ ಹೇಳೂದೇನೈತ್ರಿ ಸರ್?" ಎಂದರು.

ಅವರದು ತಪ್ಪಲ್ಲ. ನಾಗರಕ್ಕೆ ಕಟ್ಟೆಯಿದೆ, ಪಂಚಮಿಯಿದೆ, ಅಳ್ಳು-ಉಂಡಿಯಿದೆ, ಜೋಕಾಲಿಯಿದೆ. ಕೊಳಕುಮಂಡಲಕ್ಕೆ ಅಂಜಿಕೆಯಿಂದ ಬಂದ ಮರ್ಯಾದೆಯಾದರೂ ಇದೆ. ಕೇರೆಗೆ ಎರಡೂ ಇಲ್ಲ. ಕಲ್ಲಿನ ಹಾವಿಗೂ ಜೀವದ ಹಾವಿಗೂ ನಾವು ಮಾಡುವ ಭೇದವನ್ನು ಬಸವಣ್ಣನವರು ಎಂದೋ ಹೇಳಿ ಮುಗಿಸಿದ್ದಾರೆ. ಆದರೆ ಕೇರೆಯ ಪಾಡು ಅದಕ್ಕಿಂತ ಒಂದು ಕೈ ಕಡಿಮೆ: ಅದಕ್ಕೆ ಕಲ್ಲಿನ ರೂಪವೂ ಸಿಕ್ಕಿಲ್ಲ. ನಮ್ಮ ಹೊಲಗಳಲ್ಲಿ ಹಗಲು ಹೊತ್ತು ಕಣ್ಣಿಗೆ ಬೀಳುವ ದೊಡ್ಡ ಹಾವು ಬಹುಪಾಲು ಕೇರೆಯೇ ಆಗಿರುತ್ತದೆ. ನಾನು ಕಂಡಂತೆ ಬಡಿಗೆಗೆ ಸಿಕ್ಕಿ ಸಾಯುವುದೂ ಅದೇ ಹೆಚ್ಚು. ನಾಗರವೆಂದು ತಿಳಿದು ಹೊಡೆಯುತ್ತಾರೆ, ಹೊಡೆದ ಮೇಲೆ "ಕೇರಿ ಐತಿ ಬಿಡು" ಅನ್ನುತ್ತಾರೆ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಹಾವಿಗೆ ಶಾಸ್ತ್ರೀಯ ಹೆಸರು ಕೊಟ್ಟ. ಇಂದು ಅದು ಟ್ಯಾಸ್ ಮ್ಯುಕೋಸ. ಇಂಗ್ಲಿಷಿನವರು ರ‍್ಯಾಟ್ ಸ್ನೇಕ್ ಅಂದರು. ಇರಾನಿನ ಕಡೆಯಿಂದ ಹಿಡಿದು ಇಡೀ ಭಾರತ, ಶ್ರೀಲಂಕಾ, ಚೀನಾದ ದಕ್ಷಿಣ ಭಾಗ, ಜಾವಾದವರೆಗೆ ಇದರ ಸೀಮೆ ಹರಡಿದೆ. ಹಿಮಾಲಯದ ತಪ್ಪಲಲ್ಲೂ ಇದೆ, ಮಲೆನಾಡಿನ ಅಡಿಕೆ ತೋಟದಲ್ಲೂ ಇದೆ, ನಮ್ಮ ಎರೆಹೊಲದಲ್ಲೂ ಇದೆ. ಇಷ್ಟು ಬಗೆಯ ನೆಲ, ಹವೆಗೆ ಹೊಂದಿಕೊಂಡ ದೊಡ್ಡ ಹಾವು ನಮ್ಮಲ್ಲಿ ಇನ್ನೊಂದು ಸಿಗುವುದು ಕಷ್ಟ.

ಬೆಳೆದ ಕೇರೆ ಆರೇಳು ಅಡಿ ಇರುತ್ತದೆ, ಎಂಟು ಅಡಿ ದಾಟಿದ್ದೂ ಉಂಟು. ಗಂಡು ಹೆಣ್ಣಿಗಿಂತ ದೊಡ್ಡದು. ಬಣ್ಣದ ವಿಷಯದಲ್ಲಿ ಇದನ್ನು ನಂಬುವ ಹಾಗಿಲ್ಲ. ತಿಳಿಹಳದಿ, ಕಂದು, ಹಸಿರುಗಂದು, ಕೆಲವೊಮ್ಮೆ ಕರಿ ಅನ್ನುವಷ್ಟು ಗಾಢ. ಬೆನ್ನಿನ ಹಿಂಭಾಗ ಮತ್ತು ಬಾಲದ ಮೇಲೆ ಹುರುಪೆಗಳ ಅಂಚು ಕಪ್ಪಾಗಿ ಜಾಳಿಗೆಯಂತೆ ಕಾಣುವುದು, ತುಟಿಯ ಮೇಲೆ ನಿಲುವಾಗಿ ಕರಿಗೆರೆ ಇರುವುದು ಇದರ ಗುರುತು. ಇವೆಲ್ಲಕ್ಕಿಂತ ಖಾತ್ರಿಯಾದದ್ದು ಕಣ್ಣು. ಕೇರೆಯ ಕಣ್ಣು ದೊಡ್ಡದು, ದುಂಡು ಪಾಪೆ. ಹಗಲು ಬೇಟೆಯಾಡುವ ಪ್ರಾಣಿಗೆ ತಕ್ಕ ಕಣ್ಣು. ನಾಗರದ ಕಣ್ಣು ಆ ಮುಖಕ್ಕೆ ಚಿಕ್ಕದೆನ್ನಿಸುತ್ತದೆ. ಕೇರೆಯ ತಲೆ ಕತ್ತಿನಿಂದ ಬೇರೆಯಾಗಿ ಕಾಣುತ್ತದೆ, ನಾಗರದ್ದು ಕತ್ತು-ತಲೆ ಒಂದೇ ಸಮ. ಹೆಡೆ ಎತ್ತಿದರೆ ಸರಿ, ಎತ್ತದೆ ಸುಮ್ಮನೆ ಹರಿದುಹೋಗುವಾಗಲೇ ಜನ ಮೋಸಹೋಗುವುದು.

ಹಾವು ಎದುರಿಗಿರುವಾಗ ಕಣ್ಣು ನೋಡು, ತುಟಿ ನೋಡು ಅನ್ನುವುದು ಭಾಷಣದ ಮಾತು, ನನಗೆ ಗೊತ್ತಿದೆ. ಅದಕ್ಕೇ ಹಾವು ಇಲ್ಲದಾಗ ನೋಡಬಹುದಾದ ಒಂದು ಗುರುತು ಹೇಳುತ್ತೇನೆ. ಇದೇ ಊರಿನ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಚೀಲದ ಥಪ್ಪಿಯ ಹಿಂದೆ ಹಾವಿನ ಪೊರೆ ಸಿಕ್ಕಿತ್ತು. ಹಮಾಲರು ಕೆಲಸ ನಿಲ್ಲಿಸಿ ಹೊರಗೆ ನಿಂತರು. ಅವರಲ್ಲೊಬ್ಬ ಪೊರೆಯನ್ನು ಕಾಗದದಲ್ಲಿ ಸುತ್ತಿ ನನ್ನ ಹತ್ತಿರ ತಂದ. ಅಷ್ಟು ತೆಳುವಾದ ವಸ್ತು, ಹೊಳ್ಳೆಯಿಂದ ಬಾಲದ ತುದಿವರೆಗೆ ಹರಿಯದೆ ಉಳಿದಿತ್ತು. ಕಣ್ಣಿನ ಜಾಗದಲ್ಲಿ ಎರಡು ಪಾರದರ್ಶಕ ಬಟ್ಟಲು. ಹಾವಿಗೆ ರೆಪ್ಪೆಯಿಲ್ಲವಲ್ಲ, ಕಣ್ಣ ಮೇಲಿನ ಹುರುಪೆಯೂ ಪೊರೆಯ ಜೊತೆಗೇ ಕಳಚಿ ಬರುತ್ತದೆ. ಮೇಜಿನ ಮೇಲೆ ಹಾಸಿ, ನಡುಮೈಯಲ್ಲಿ ಒಂದು ಬದಿಯ ಹೊಟ್ಟೆಪಟ್ಟಿಯಿಂದ ಇನ್ನೊಂದು ಬದಿಗೆ ಓರೆಯಾಗಿ ಹುರುಪೆ ಎಣಿಸುತ್ತ ಹೋದೆವು. 17 ಸಾಲು ಬಂತು. ಕೇರೆಯಲ್ಲಿ 16 ಇಲ್ಲವೆ 17, ನಾಗರದಲ್ಲಿ 20ರ ಮೇಲೆ. ಹೀಗೆ ಎಣಿಸಿದರೆ ಎರಡರ ನಡುವೆ ಗೊಂದಲಕ್ಕೆ ಜಾಗವಿಲ್ಲ. ಅವನೂ ಎಣಿಸಿದ, ಬೆರಳು ಮಡಚುತ್ತ. ಆಮೇಲೆ ಅವನು ಕೇಳಿದ ಮಾತು ನನ್ನ ವಿದ್ಯಾರ್ಥಿಗಳೂ ಕೇಳಿರಲಿಲ್ಲ: "ಹಂಗಾರ ಗೋದಾಮಿನ್ಯಾಗ ಇಲಿ ಭಾಳ ಅದಾವನ್ನು."

ಹೌದು. ಕೇರೆ ಇದ್ದಲ್ಲಿ ಮೊದಲು ಇಲಿ ಬಂದಿರುತ್ತದೆ. ದನದ ಕೊಟ್ಟಿಗೆಯಲ್ಲಿ ಕೇರೆ ಕಂಡರೆ ಹಾಲು ಕುಡಿಯಲು ಬಂದಿದೆ ಅನ್ನುತ್ತೇವೆ. ಆಕಳ ಹಿಂಗಾಲಿಗೆ ಸುತ್ತಿಕೊಂಡು ಕೆಚ್ಚಲಿಗೆ ಬಾಯಿ ಹಾಕುತ್ತದೆ ಎಂಬ ಮಾತು ಈ ಸೀಮೆಯಲ್ಲಷ್ಟೇ ಅಲ್ಲ, ದೇಶದ ಉದ್ದಗಲಕ್ಕೂ ಇದೆ. ಚೀಪಲು ಮೆತ್ತನೆಯ ತುಟಿ ಬೇಕು, ಹಾವಿಗೆ ಅದಿಲ್ಲ. ಬಾಯಿತುಂಬ ಒಳಮುಖವಾಗಿ ಬಾಗಿದ ಚೂಪು ಹಲ್ಲು. ಆ ಬಾಯಿ ಮೊಲೆಗೆ ಬಿದ್ದರೆ ಆಕಳು ಸುಮ್ಮನೆ ನಿಂತೀತೇ? ಕೊಟ್ಟಿಗೆಯಲ್ಲಿ ಹಿಂಡಿ ಇದೆ, ಹೊಟ್ಟು ಇದೆ, ಅವುಗಳ ಹಿಂದೆ ಇಲಿ ಇದೆ, ಇಲಿಯ ಹಿಂದೆ ಕೇರೆ. ಹಾಲು ಕಡಿಮೆಯಾಗಿದ್ದರೆ ಕೆಚ್ಚಲು ಬಾವು ಇದೆಯೇ ಎಂದು ಪಶುವೈದ್ಯರಿಗೆ ತೋರಿಸಿರಿ.

ಬಾಲದಿಂದ ಹೊಡೆದರೆ ಕೈಕಾಲು ಕೊಳೆಯುತ್ತದೆ ಎನ್ನುವುದೂ ಅಷ್ಟೆ. ಬಾಲದಲ್ಲಿ ಮುಳ್ಳೂ ಇಲ್ಲ, ವಿಷವೂ ಇಲ್ಲ.

ಆದರೆ ಒಂದು ನಂಬಿಕೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಅದು ಕಣ್ಣಾರೆ ಕಂಡದ್ದರಿಂದ ಹುಟ್ಟಿದ್ದು. ಬಿಸಿಲಿನ ದಿನ ಮುಗಿಯುತ್ತ ಬಂದು ಅಡ್ಡಮಳೆ ಬೀಳುವ ಹೊತ್ತಿಗೆ, ಬದುವಿನ ಪಕ್ಕದಲ್ಲೋ ಹಾಳು ಹಿತ್ತಲಲ್ಲೋ ಎರಡು ದೊಡ್ಡ ಹಾವುಗಳು ಹುರಿಗೊಂಡು ಮೊಳದೆತ್ತರ ಎದ್ದು ನಿಲ್ಲುತ್ತವೆ. ತೂಗಾಡುತ್ತವೆ, ಬೀಳುತ್ತವೆ, ಮತ್ತೆ ಹೆಣೆದುಕೊಂಡು ಏಳುತ್ತವೆ. ಸುತ್ತ ಜನ ನಿಂತಿದ್ದರೂ ಪರಿವೆಯಿಲ್ಲ. ಹಾವಿನ ಲಗ್ನ ನಡೆದಿದೆ ಅಂತ ಸುದ್ದಿ ಹಬ್ಬುತ್ತದೆ. ಒಂದು ಕರಿ, ಒಂದು ಹಳದಿ ಇದ್ದರಂತೂ ಕರಿದು ನಾಗರ, ಹಳದಿಯದು ಕೇರೆ ಎಂದು ತೀರ್ಮಾನವಾಗುತ್ತದೆ. ಹೊಸ ಬಿಳಿ ಧೋತರವನ್ನು ಅವುಗಳ ಮೇಲೆ ಹಾಕಿ, ಆಮೇಲೆ ಅದನ್ನು ತಿಜೋರಿಯಲ್ಲಿಟ್ಟರೆ ದುಡ್ಡು ಹೆಚ್ಚುತ್ತದೆ ಎಂದು ಓಡುವವರೂ ಇದ್ದಾರೆ.

ಅಲ್ಲಿ ಹೆಣ್ಣೇ ಇರುವುದಿಲ್ಲ. ಎರಡೂ ಗಂಡು ಕೇರೆ. ಅದು ಕುಸ್ತಿ. ನಮ್ಮ ಹಾವೇರಿ ಜಿಲ್ಲೆಯವರಿಗೆ ಕುಸ್ತಿಯ ಪಟ್ಟು ಬಿಡಿಸಿ ಹೇಳಬೇಕಿಲ್ಲ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿ ಹಿಡಿದವನು ಗೆದ್ದ. ಕಚ್ಚುವುದಿಲ್ಲ, ಗಾಯ ಮಾಡುವುದಿಲ್ಲ. ಸೋತದ್ದು ಬಿಡಿಸಿಕೊಂಡು ಹೋಗುತ್ತದೆ. ನಿಜವಾದ ಕೂಡಿಕೆ ನೆಲದ ಮೇಲೆ, ಪಕ್ಕಪಕ್ಕದಲ್ಲಿ ಮಲಗಿ, ಯಾರ ಕಣ್ಣಿಗೂ ಬೀಳದ ಹಾಗೆ ನಡೆಯುತ್ತದೆ. ಅದಕ್ಕೆ ಧೋತರ ಹಾಕಿದವರನ್ನು ನಾನು ಕಂಡಿಲ್ಲ.

ನಾಗರ ಮತ್ತು ಕೇರೆ ಬೇರೆ ಬೇರೆ ಕುಟುಂಬದ ಹಾವುಗಳು. ಅವುಗಳ ವಂಶ ಕವಲೊಡೆದು ಕೋಟ್ಯಂತರ ವರ್ಷ ಆಗಿದೆ, ಕೂಡುವ ಮಾತೇ ಇಲ್ಲ. ಕೇರೆ ನಾಗರದ ಗಂಡ ಅನ್ನುವವರಿಗೆ ಇನ್ನೊಂದು ಸಂಗತಿ: ಸಿಕ್ಕರೆ ನಾಗರಹಾವು ಕೇರೆಯನ್ನೇ ನುಂಗುತ್ತದೆ. ಮಲೆನಾಡಿನಲ್ಲಿ ಕಾಳಿಂಗಸರ್ಪದ ಊಟದಲ್ಲೂ ಕೇರೆಗೆ ದೊಡ್ಡ ಪಾಲಿದೆ. ನಮ್ಮ ಬಯಲಲ್ಲಿ ಕಾಳಿಂಗವಿಲ್ಲ. ಮುಂಗುಸಿ, ನವಿಲು, ಹಾವುಗಳನ್ನೇ ಹಿಡಿಯುವ ಹದ್ದು ಇವೆ.

ಹೆಣ್ಣು ಸುಮಾರಾಗಿ ಹತ್ತು-ಹನ್ನೆರಡು ಮೊಟ್ಟೆ ಇಡುತ್ತದೆ, ಸಂಖ್ಯೆ ಹೆಚ್ಚು-ಕಡಿಮೆ ಆಗುವುದುಂಟು. ಹಳೆಯ ಇಲಿಬಿಲ, ಪಾಳು ಹುತ್ತ, ತಿಪ್ಪೆಯ ಅಂಚು, ಕಣಿಕೆ ಬಣವೆಯ ಬುಡ, ಇಂಥಲ್ಲಿ. ಕೆಲವು ದಿನ ತಾಯಿ ಮೊಟ್ಟೆಗಳಿಗೆ ಸುತ್ತಿಕೊಂಡಿರುವುದನ್ನು ಕಂಡವರಿದ್ದಾರೆ. ಸುಮಾರು ಎರಡು ತಿಂಗಳಿಗೆ ಮರಿ ಹೊರಬರುತ್ತದೆ, ಒಂದೂಕಾಲು ಅಡಿಯ ಸಣ್ಣ ಹಾವು, ಅಗಲ ಕಣ್ಣು. ಮರಿಗೆ ಇಲಿ ಹಿಡಿಯುವ ಶಕ್ತಿಯಿಲ್ಲ. ಮರಿಗಪ್ಪೆ, ಹಲ್ಲಿಯಂಥವುಗಳ ಮೇಲೆ ಬದುಕು. ಹಾಗಾಗಿ ಕೇರೆಯ ಬಾಲ್ಯ ನೀರಿಗೆ ಹತ್ತಿರ, ಯೌವನ ಕಾಳಿಗೆ ಹತ್ತಿರ. ಕೆರೆ ಬತ್ತಿದ ಊರಲ್ಲಿ ಮರಿ ಉಳಿಯುವುದು ಕಷ್ಟ.

ದೊಡ್ಡದಾದ ಮೇಲೂ ಕಪ್ಪೆಯ ರುಚಿ ಬಿಡುವುದಿಲ್ಲ. ಆಣೂರು ಕೆರೆಯ ಕೆಳಗೆ ಮಳೆಗಾಲದ ಒಂದು ಮುಂಜಾನೆ ಕಪ್ಪೆ ಕಿರಿಚುವುದು ಕೇಳಿ ಬಗ್ಗಿ ನೋಡಿದೆ. ಕೇರೆ ದೊಡ್ಡ ಗೋಂಕರುಕಪ್ಪೆಯೊಂದರ ಹಿಂಗಾಲು ಹಿಡಿದಿತ್ತು. ಕಪ್ಪೆ ಗಾಳಿ ಎಳೆದುಕೊಂಡು ಮೈ ಉಬ್ಬಿಸಿತು. ಹೆಬ್ಬಾವಾದರೆ ಸುತ್ತಿ ಬಿಗಿದು ಕೊಲ್ಲುತ್ತಿತ್ತು, ನಾಗರವಾದರೆ ವಿಷ ಬಿಟ್ಟು ಕಾಯುತ್ತಿತ್ತು. ಕೇರೆಗೆ ಈ ಎರಡು ವಿದ್ಯೆಯೂ ಬರುವುದಿಲ್ಲ. ತನ್ನ ಮೈಯ ಒಂದು ಸುರುಳಿಯನ್ನು ಕಪ್ಪೆಯ ಮೇಲೆ ತಂದು ಬದುವಿನ ಮಗ್ಗುಲಿಗೆ ಒತ್ತಿ ಹಿಡಿಯಿತು. ಬಲಗಡೆಯ ದವಡೆ ಒಂದಿಷ್ಟು ಮುಂದೆ, ಆಮೇಲೆ ಎಡಗಡೆಯದು. ಹೀಗೆ ಬಾಯಿ ಕಪ್ಪೆಯ ಮೇಲೆ ನಡೆಯುತ್ತ ಹೋಯಿತು. ತಲೆ ಒಳಗೆ ಹೋದ ಮೇಲೂ ಕಪ್ಪೆಯ ಕೂಗು ಹಾವಿನ ಕೊರಳೊಳಗಿಂದ ಸಣ್ಣಗೆ ಬರುತ್ತಿತ್ತು. ನೋಡಲು ಹಿತವಾದ ದೃಶ್ಯವಲ್ಲ. ಕೇರೆಯನ್ನು ಸಾಧು ಹಾವು ಎಂದು ಪುಸ್ತಕಗಳಲ್ಲಿ ಬರೆಯುತ್ತಾರಲ್ಲ, ಅದನ್ನು ಓದಿದಾಗೆಲ್ಲ ನನಗೆ ಆ ಕೂಗು ನೆನಪಾಗುತ್ತದೆ.

ಮನುಷ್ಯರ ಮಟ್ಟಿಗೂ ಅದು ಸಾಧುವೇನಲ್ಲ. ಓಡಲು ದಾರಿ ಇದ್ದರೆ ಓಡುತ್ತದೆ, ಬಹಳ ಜೋರಾಗಿ ಓಡುತ್ತದೆ, ಗಿಡ ಹತ್ತುತ್ತದೆ, ನೀರಿಗೆ ಬಿದ್ದರೆ ಈಜುತ್ತದೆ. ಮೂಲೆಗೆ ತಳ್ಳಿದಿರೋ, ಕೊರಳನ್ನು ಎರಡೂ ಬದಿಯಿಂದ ಒತ್ತಿದಂತೆ ಚಪ್ಪಟೆ ಮಾಡಿ ಉಬ್ಬಿಸಿ, ಗುರ್ ಎಂದು ಸದ್ದು ಮಾಡಿ, ನೆಗೆದು ಕಚ್ಚುತ್ತದೆ. ರಕ್ತ ಬರುತ್ತದೆ. ವಿಷವಿಲ್ಲ. ಸಾಬೂನು ನೀರಿನಲ್ಲಿ ತೊಳೆದರೆ ಸಾಕು ಎಂದು ಹೇಳಬಹುದಿತ್ತು. ಆದರೆ ಕಚ್ಚಿದ್ದು ಕೇರೆಯೇ ಎಂದು ಹೇಳಿದವರು ಯಾರು? ಕತ್ತಲಲ್ಲಿ, ಬೆಳೆಯ ನಡುವೆ, ಗಾಬರಿಯಲ್ಲಿ ನೋಡಿದ್ದನ್ನು ನಂಬಿ ಮನೆಯಲ್ಲಿ ಕೂರಬೇಡಿ. ದಾರ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ನಾಟಿ ಔಷಧಕ್ಕೆ ಓಡುವುದು ಬೇಡ. ಆಸ್ಪತ್ರೆಗೆ ಹೋಗಿ, ವೈದ್ಯರು ನೋಡಿ ಕಳಿಸಲಿ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ 58,000, ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಹಾವು ಕಚ್ಚಿ ಆಗುವ ಸಾವುಗಳಲ್ಲಿ ಕೇರೆಯ ಪಾಲು ಸೊನ್ನೆ. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ, ಈ ನಾಲ್ಕರದೇ ಬಹುಪಾಲು. ಆ ನಾಲ್ಕರ ಸಿಟ್ಟನ್ನು ನಾವು ಐದನೆಯದರ ಮೇಲೆ ತೀರಿಸಿಕೊಳ್ಳುತ್ತಿದ್ದೇವೆ.

ಇನ್ನು ರೈತನ ಮಿತ್ರ ಎಂಬ ಬಿರುದು. ನಾನೂ ಹಲವು ವರ್ಷ ತರಗತಿಯಲ್ಲಿ ಅದನ್ನೇ ಹೇಳಿದವನು, ಈಗ ಸ್ವಲ್ಪ ತಡವರಿಸುತ್ತೇನೆ. ಹೆಗ್ಗಣದ ಗರ್ಭ ಮೂರು ವಾರದ ಆಸುಪಾಸು. ಒಂದು ಸೂಲಿಗೆ ಆರೆಂಟು ಮರಿ. ಕಾಳು ಸಿಕ್ಕರೆ ವರ್ಷಕ್ಕೆ ಹಲವು ಸೂಲು. ಕೇರೆ ಒಮ್ಮೆ ಹೊಟ್ಟೆ ತುಂಬಿದರೆ ಕೆಲವು ದಿನ ಬಿಸಿಲು ಕಾಯಿಸಿಕೊಳ್ಳುತ್ತ ಬಿದ್ದಿರುತ್ತದೆ. ಅದರದು ತಣ್ಣನೆಯ ರಕ್ತ, ಅಷ್ಟೇ ತೂಕದ ಬೆಕ್ಕು ತಿನ್ನುವುದರ ಸಣ್ಣ ಪಾಲು ಅದಕ್ಕೆ ಸಾಕು. ಈ ಲೆಕ್ಕದಲ್ಲಿ ಇಲಿ ಗೆಲ್ಲುತ್ತದೆ. ಕೇರೆ ಬಿಟ್ಟರೆ ಇಲಿ ನಿರ್ನಾಮವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳಿ ಹೇಳಿಯೇ, ಇಲಿ ಕಡಿಮೆಯಾಗದಿದ್ದಾಗ ರೈತ ಹಾವಿನ ಮೇಲಿನ ವಿಶ್ವಾಸ ಕಳೆದುಕೊಂಡಿದ್ದಾನೆ.

ಕೇರೆ ಮಾಡುವ ಕೆಲಸ ಬೇರೆ. ಗೂಬೆ ಬಿಲದ ಹೊರಗೆ ಕಾಯಬೇಕು. ಬೆಕ್ಕು ಬಿಲದ ಬಾಯಲ್ಲಿ ಕೂರಬೇಕು. ಕೇರೆ ಬಿಲದೊಳಗೇ ಇಳಿಯುತ್ತದೆ. ನಮ್ಮ ಹೆಗ್ಗಣ ಗೋವಿನಜೋಳದ ತೆನೆ, ಶೇಂಗಾ, ಜೋಳ ಎಲ್ಲವನ್ನೂ ಒಯ್ದು ಕೂಡಿಡುವ, ಕವಲು ಕವಲಾದ ಆ ಸುರಂಗದ ತುದಿಯಲ್ಲಿ ಕಣ್ಣು ಬಿಡದ ಮರಿಗಳಿರುತ್ತವೆ. ಕೇರೆ ನಾಲಗೆ ಆಡಿಸುತ್ತ, ವಾಸನೆಯ ಕಣಗಳನ್ನು ಬಾಯಿಯ ಅಂಗಳಕ್ಕೆ ಮುಟ್ಟಿಸುತ್ತ, ಕತ್ತಲಲ್ಲೇ ಅಲ್ಲಿಗೆ ಮುಟ್ಟುತ್ತದೆ. ಒಂದು ಗೂಡಿನ ಮರಿಗಳಷ್ಟೂ ಒಮ್ಮೆಗೇ ಹೋಗುತ್ತವೆ. ಬಿತ್ತನೆಯ ಹೊತ್ತಿಗೆ ಒಂದು ಗೂಡು ಖಾಲಿಯಾದರೆ ರಾಶಿಯ ಹೊತ್ತಿಗೆ ಅದರ ಲಾಭ ಕಾಣುತ್ತದೆ. ನನ್ನ ಮಟ್ಟಿಗೆ ಇಷ್ಟೇ ಅದರ ಉಪಕಾರ, ಸಣ್ಣದಲ್ಲ. ಅದಕ್ಕೆ ಮೀರಿದ ಸ್ತೋತ್ರ ಬೇಕಿಲ್ಲ.

ಬ್ಯಾಡಗಿಯ ಡಬ್ಬಿ, ಕಡ್ಡಿ ಮೆಣಸಿನಕಾಯಿಗಳಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಬಂತು, ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಸುತ್ತಲಿನ ಹೊಲದಲ್ಲಿ ಇಂದು ಮೆಣಸಿನ ಗಿಡಕ್ಕಿಂತ ಗೋವಿನಜೋಳವೇ ಎದ್ದು ಕಾಣುತ್ತದೆ. ಇಲಿಗೆ ಅದು ಒಳ್ಳೆಯ ಕಾಲ. ಕೇರೆಗೂ ಒಳ್ಳೆಯ ಕಾಲವಾಗಬೇಕಿತ್ತು, ಆಗಿಲ್ಲ. ಏಕೆಂದರೆ ಹೊಲದಲ್ಲಿ ಬೇಟೆ ಇದ್ದರೆ ಸಾಲದು, ಮನೆಯೂ ಇರಬೇಕು. ಹಿಂದೆ ಎರಡು ಹೊಲದ ನಡುವೆ ಆಳೆತ್ತರದ ಹುಲ್ಲು ಬೆಳೆದ ಬದು ಇರುತ್ತಿತ್ತು, ಕಳ್ಳಿಬೇಲಿ, ಬಾರಿಗಿಡ, ಒಂದೆರಡು ಹುತ್ತ ಇರುತ್ತಿದ್ದವು. ಕಣ ಇತ್ತು, ಕಣದ ಬದಿಗೆ ವರ್ಷವಿಡೀ ಬಣವೆ ಇತ್ತು. ಈಗ ಜೆಸಿಬಿ ಅರ್ಧ ದಿನದಲ್ಲಿ ಬದು ಸವರಿ ನಾಲ್ಕು ಸಾಲು ಹೆಚ್ಚಿಗೆ ಬಿತ್ತಲು ಕೊಡುತ್ತದೆ. ರಾಶಿ ಯಂತ್ರ ಹೊಲದಲ್ಲೇ ಕಾಳು ಬಿಡಿಸುತ್ತದೆ, ಉಳಿದ ದಂಟಿಗೆ ಬೆಂಕಿ. ಆ ನಾಲ್ಕು ಸಾಲಿನ ಆಸೆಯನ್ನು ನಾನು ಹಳಿಯಲಾರೆ. ಎರಡು ಎಕರೆಯವನಿಗೆ ನಾಲ್ಕು ಸಾಲು ಎಂದರೆ ಲೆಕ್ಕವೇ.

ಹಳೆಯ ಕಾಲದಲ್ಲಿ ಇಲಿಬಿಲಕ್ಕೆ ಒಣಮೆಣಸಿನಕಾಯಿಯ ಹೊಗೆ ಹಾಕುತ್ತಿದ್ದರು. ಮೆಣಸಿನಕಾಯಿಗೆ ಬರವಿಲ್ಲದ ಸೀಮೆ ಇದು. ಹೊಗೆಗೆ ಇಲಿಯೂ ಹೊರಬರುತ್ತಿತ್ತು, ಒಳಗಿದ್ದರೆ ಹಾವೂ ಹೊರಬರುತ್ತಿತ್ತು, ಎರಡೂ ಓಡುತ್ತಿದ್ದವು. ಈಗ ಅಂಗಡಿಯಲ್ಲಿ ಬ್ರೋಮಾಡಿಯೋಲೋನ್ ಸಿಗುತ್ತದೆ. ಅದನ್ನು ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ನಾಲ್ಕಾರು ದಿನ ಮಂಕಾಗಿ ಓಡಾಡಿಕೊಂಡಿರುತ್ತದೆ, ವಿಷ ಯಕೃತ್ತಿನಲ್ಲಿ ಉಳಿದಿರುತ್ತದೆ. ಮಂಕಾದ ಇಲಿ ಸುಲಭದ ಬೇಟೆ. ಗೂಬೆಗೆ, ಹದ್ದಿಗೆ, ಬೆಕ್ಕಿಗೆ, ಕೇರೆಗೆ ಅದು ಮೊದಲು ಸಿಗುತ್ತದೆ.

ಒಂದು ಕಾಲಕ್ಕೆ ಕೇರೆಯ ದೊಡ್ಡ ಶತ್ರು ಚರ್ಮದ ವ್ಯಾಪಾರವಾಗಿತ್ತು. ಚೀಲ, ಬೆಲ್ಟು, ಚಪ್ಪಲಿಗಾಗಿ ಲಕ್ಷಗಟ್ಟಲೆ ಹಾವಿನ ಚರ್ಮ ಹೊರದೇಶಕ್ಕೆ ಹೋಗುತ್ತಿತ್ತು, ಅದರಲ್ಲಿ ಕೇರೆಯದು ದೊಡ್ಡ ಪಾಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. ತಮಿಳುನಾಡಿನಲ್ಲಿ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಇರುಳ ಬುಡಕಟ್ಟಿನವರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಅದೇ ಕೈಚಳಕವನ್ನು ವಿಷ ತೆಗೆಯಲು ತಿರುಗಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ಔಷಧಕ್ಕೆ ಬೇಕಾದ ವಿಷ ಬಹುಮಟ್ಟಿಗೆ ಅವರಿಂದ ಬಂದದ್ದು. 2022ರ ತಿದ್ದುಪಡಿಯಲ್ಲಿ ಕೇರೆಯನ್ನು ಕಾಯ್ದೆಯ ಮೊದಲ ಅನುಸೂಚಿಗೆ ಏರಿಸಲಾಯಿತು, 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಎಂದರೆ ಕಾಗದದ ಮೇಲೆ ಹುಲಿಗೂ ಕೇರೆಗೂ ಒಂದೇ ಪಂಕ್ತಿ. ಕೊಂದರೆ ಕನಿಷ್ಠ ಮೂರು ವರ್ಷ ಸೆರೆ, 25,000 ರೂಪಾಯಿ ದಂಡ. ಈ ಮಾತು ಕೇಳಿ ಹಿಂದಿನ ಸಾಲಿನಲ್ಲಿ ನಕ್ಕರು, ನಗುವಂಥದ್ದೇ. ಬದುವಿನ ಮೇಲೆ ಕಾವಲು ಕೂರುವ ಪೊಲೀಸರಿಲ್ಲ. ಕಾನೂನಿನಿಂದ ಹುಲಿ ಉಳಿದೀತು, ಅದಕ್ಕೆ ಕಾಡು ಬೇರೆ ಇದೆ. ಕೇರೆ ಇರುವುದು ನಿಮ್ಮ ಸರ್ವೆ ನಂಬರಿನಲ್ಲಿ.

ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ 1974ರಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು, ಒಳ್ಳೆಯದೇ ಆಯಿತು. ಆದರೆ ಜಿಂಕೆಗೆ ಗಡಿಕಲ್ಲು ಓದಲು ಬರುವುದಿಲ್ಲ, ಮೊಳಕೆಯೊಡೆದ ಹೊಲಕ್ಕೆ ಹಿಂಡು ಹಿಂಡಾಗಿ ನುಗ್ಗುತ್ತವೆ. ರೈತರು ನೈಲಾನ್ ಬಲೆ ಕಟ್ಟಿದರು. ಕೆಲವು ವರ್ಷಗಳಿಂದ ಹಾವು ಹಿಡಿಯುವ ಹುಡುಗರಿಗೆ ಬರುವ ಕರೆಗಳಲ್ಲಿ ಈ ಬಲೆಯದೇ ಗೋಳು. ಕೇರೆ ಇಲಿಯ ಜಾಡು ಹಿಡಿದು ನೇರ ಬಲೆಗೆ ತಲೆ ತೂರಿಸುತ್ತದೆ. ತಲೆ ಸಣ್ಣದು, ದಾಟುತ್ತದೆ. ನಡುಮೈ ದಪ್ಪ, ನಿಲ್ಲುತ್ತದೆ. ಹಿಂದಕ್ಕೆ ಸರಿಯಲು ನೋಡಿದರೆ ಹುರುಪೆಗಳ ಅಂಚಿಗೆ ದಾರ ಸಿಕ್ಕಿಕೊಳ್ಳುತ್ತದೆ, ಮೀನಿನ ಕಿವಿರು ಸಿಕ್ಕಿದ ಹಾಗೆ. ಹೊರಳಿದಷ್ಟೂ ಎಳೆ ಮೈಯೊಳಗೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮುಗಿಯಿತು. ಬಿಡಿಸುವವರು ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ತುಂಡರಿಸಬೇಕು, ಒಬ್ಬರು ತಲೆ ಹಿಡಿದಿರಬೇಕು, ಗಾಯಕ್ಕೆ ಔಷಧ ಹಚ್ಚಬೇಕು. ಅರಣ್ಯ ಇಲಾಖೆಗೆ ತಿಳಿಸಿ, ಪಳಗಿದವರನ್ನೇ ಕರೆಸಬೇಕಾದ ಕೆಲಸ ಅದು.

ಹಂದಿಯ ಕಾಟ ಇರುವಲ್ಲಿ ಬಲೆ ನೆಲಕ್ಕೆ ಹತ್ತಿಯೇ ಇರಬೇಕಾಗುತ್ತದೆ, ಅಲ್ಲಿ ನನ್ನ ಹತ್ತಿರ ಉಪಾಯವಿಲ್ಲ. ಜಿಂಕೆಗೆಂದೇ ಕಟ್ಟುವ ಹುಲ್ಲತ್ತಿ, ಹುಣಸಿಕಟ್ಟಿ ಕಡೆಯ ಹೊಲಗಳಲ್ಲಿ ಬಲೆಯ ಕೆಳ ಅಂಚನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಎತ್ತಿ ಗೂಟಕ್ಕೆ ಬಿಗಿದರೆ ಸಾಕು. ಜಿಂಕೆ ಅದರಡಿ ನುಸುಳುವುದಿಲ್ಲ, ಕೇರೆ ನುಸುಳುತ್ತದೆ. ರಾಶಿ ಮುಗಿದ ಮೇಲೆ ಬಲೆಯನ್ನು ಬದುವಿನ ಮೇಲೆ ಗುಡ್ಡೆ ಹಾಕಿ ಬಿಡದೆ, ಸುತ್ತಿ ಮನೆಗೆ ಒಯ್ಯಿರಿ. ಮುಂದಿನ ಮುಂಗಾರಿಗೆ ಅದೇ ಬಲೆ ಕೆಲಸಕ್ಕೂ ಬರುತ್ತದೆ.